ಭಾಷೆಗಳ ಮರದಲ್ಲಿ ಅತ್ತೆಯ ಜಾಗ

ನಮ್ಮ ಅತ್ತೆ ಬೆಂಕಿಗೆ ಬೆಂಕಿ ಅಂದರು. ನನ್ನ ಸಂಕಟ ಶುರುವಾದದ್ದೇ ಅಲ್ಲಿಂದ.

ಬೆಂಕಿಗೆ ಬೆಂಕಿ ಅನ್ನದೆ ಇನ್ನೇನು ಅನ್ನಬೇಕಿತ್ತು ಎಂದು ಯಾರಾದರೂ ಕೇಳಿಯಾರು. ಅತ್ತೆಯ ಮನೆಮಾತು ಕನ್ನಡವಲ್ಲ. ಸೊರಬ ತಾಲ್ಲೂಕಿನಲ್ಲಿ, ಕುಪ್ಪಗಡ್ಡೆಯಿಂದ ಸ್ವಲ್ಪ ಆಚೆಗೆ ಒಂದು ಕೇರಿಯವರು ತಮ್ಮತಮ್ಮಲ್ಲೇ ಬೇರೊಂದು ಮಾತು ಆಡುತ್ತಾರೆ. ಊರಿನವರು ಅದಕ್ಕಿಟ್ಟ ಹೆಸರು ಬೈಗುಳದ ಹಾಗಿದೆ, ನಾನದನ್ನು ಬರೆಯುವುದಿಲ್ಲ. ಕೇರಿಯವರು 'ನಮ್ಮ ಮಾತು' ಅನ್ನುತ್ತಾರೆ, ಅಷ್ಟೇ. ಒಂದು ಕಾಲಕ್ಕೆ ಬಿದಿರಿನ ಬುಟ್ಟಿ ಹೆಣೆದು ಸಂತೆಗೆ ಒಯ್ಯುತ್ತಿದ್ದ ಮನೆಗಳವು. ಈಗ ಗದ್ದೆ ಇದೆ, ಕುರಿಗಳಿವೆ. ಆ ಮಾತಿನಲ್ಲಿ ಬೆಂಕಿಗೆ ನೆರ್ಪು, ನೀರಿಗೆ ತಣ್ಣಿ, ಮನೆಗೆ ಊಡು. ನನಗೆ ಗೊತ್ತಿರುವುದು ಹೆಚ್ಚುಕಮ್ಮಿ ಇಷ್ಟೇ. ಅದೂ ಕದ್ದು ಕೇಳಿ ಗೊತ್ತಾದದ್ದು.

ನಾನು ಆ ಮನೆಯ ಸೊಸೆ. ನನ್ನ ತವರು ಶಿಕಾರಿಪುರ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರು, ಲಿಂಗಪೂಜೆ ಮುಗಿಯದೆ ಗಲ್ಲಾಪೆಟ್ಟಿಗೆ ಮುಟ್ಟದವರು. ಅದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಜೊತೆಗೇ ಪಾಠ ಮಾಡುತ್ತಿದ್ದವರನ್ನು ಮದುವೆಯಾದೆ. ತವರಿನವರು ಕೆಲಕಾಲ ಮುಖ ತಿರುಗಿಸಿದರು, ಆಮೇಲೆ ಸರಿಹೋದರು. ಆ ಕತೆ ಇಲ್ಲಿ ಬೇಡ. ಇಲ್ಲಿ ಬೇಕಾದದ್ದು ಅತ್ತೆಯ ಕೇರಿಯ ಒಂದು ರೂಢಿ. ತಿಳಿಯದವರ ಎದುರಿಗೆ ಅವರು 'ನಮ್ಮ ಮಾತು' ಆಡುವುದಿಲ್ಲ. ಎದುರಿಗೆ ಕೂತವರಿಗೆ ತಮ್ಮನ್ನೇ ಆಡಿಕೊಳ್ಳುತ್ತಿದ್ದಾರೇನೋ ಅನ್ನಿಸಬಾರದು, ಅದು ಮರ್ಯಾದೆಯಲ್ಲ. ಕುರಿ ಕೊಳ್ಳುವವರು ಬರಲಿ, ಸೊಸೈಟಿಯವರು ಬರಲಿ, ಹೊಸ್ತಿಲಲ್ಲಿ ನೆರಳು ಬಿದ್ದರೆ ಸಾಕು, ಅರ್ಧಕ್ಕೆ ಬಂದ ವಾಕ್ಯವೂ ಕನ್ನಡಕ್ಕೆ ಹೊರಳುತ್ತದೆ. ನಾನು ಮನೆ ತುಂಬಿದ ದಿನ ಅತ್ತೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರಂತೆ: "ಇನ್ಮ್ಯಾಲೆ ಮನೆಯಾಗೆ ಕನ್ನಡ. ಬ್ಯಾರೆ ಮನೆ ಹುಡುಗಿ ಬಂದೈತೆ. ಅದಕ್ಕೆ ಹೊರಗಿನೋಳು ಅಂತ ಅನ್ನಿಸಬಾರದು."

ಎಷ್ಟು ದೊಡ್ಡ ಮನಸ್ಸು ನೋಡಿ! ಆ ದೊಡ್ಡ ಮನಸ್ಸಿನಿಂದ ನನ್ನ ಮಕ್ಕಳಿಗೆ ಆ ಮಾತಿನ ಒಂದಕ್ಷರ ಬಾರದು. ಮನೆಯೊಳಗಿದ್ದ ಭಾಷೆ ಹಿತ್ತಿಲಿಗೆ ಹೋಯಿತು, ಹಿತ್ತಿಲಿನಿಂದ ಕುರಿಹಟ್ಟಿಗೆ ಹೋಯಿತು. ಇದನ್ನೆಲ್ಲ ಮಾಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಆದರೆ ಯಾರ ಮೇಲೆ ರೇಗುವುದು? ನನಗೆ ಒಳ್ಳೆಯದನ್ನು ಮಾಡಿದವರ ಮೇಲೆ ರೇಗಬೇಕಾದ ಕರ್ಮ ಯಾರಿಗೂ ಬೇಡ.

ಈಚೆಗೆ ಒಂದು ವಿಶ್ವವಿದ್ಯಾಲಯದವರು ಭಾಷೆಗಳ ನಂಟನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ಕೈಗೆತ್ತಿಕೊಂಡರು. ನಮ್ಮ ಎರಡು ತಾಲ್ಲೂಕಿನ ಮಾತುಗಳನ್ನು ಸಂಗ್ರಹಿಸಿ ಕಳಿಸುವ ಹೊಣೆ ನನ್ನ ಪಾಲಿಗೆ ಬಂತು. ಕೆಲಸದ ಬಗೆ ಸರಳ. ಕಣ್ಣು, ಕೈ, ನೀರು, ಬೆಂಕಿ, ಮಲಗು, ಹೇಳು ಇಂಥ, ಯಾವ ಭಾಷೆಯೂ ಬಿಟ್ಟಿರಲಾರದ ಮಾತುಗಳ ಒಂದು ಪಟ್ಟಿ ಇರುತ್ತದೆ. ಒಂದೊಂದು ಭಾಷೆಯಲ್ಲೂ ಅವಕ್ಕೆ ಏನೆನ್ನುತ್ತಾರೆ ಎಂದು ಕೇಳಿ ಧ್ವನಿಮುದ್ರಿಸಬೇಕು. ಆಮೇಲೆ ಬೇರು ನೋಡಬೇಕು. ನಾವು ಹಾಲು ಅನ್ನುತ್ತೇವೆ, ಇನ್ನೊಬ್ಬರು ಪಾಲು ಅನ್ನುತ್ತಾರೆ. ಬೇರು ಒಂದೇ, ಆದ್ದರಿಂದ ಎರಡಕ್ಕೂ ಒಂದೇ ಗುರುತು. ನೀರು, ತಣ್ಣಿ ಎರಡರ ಬೇರು ಬೇರೆ, ಆದ್ದರಿಂದ ಗುರುತೂ ಬೇರೆ. ಈ ಗುರುತುಗಳನ್ನು ತುಂಬಿದರೆ ಕಂಪ್ಯೂಟರು ಸಾವಿರಾರು ಮರಗಳನ್ನು ಕಟ್ಟಿ, ಕೆಡವಿ, ಕೊನೆಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಮರವನ್ನು ಮುಂದಿಡುತ್ತದೆ. ಯಾವ ಭಾಷೆ ಯಾವುದರ ಒಡಹುಟ್ಟು, ಯಾವುದು ದಾಯಾದಿ, ಯಾವುದು ಬೇರೆಯೇ ಮನೆತನದ್ದು ಎಂಬುದು ಆ ಟೊಂಗೆಗಳಲ್ಲಿ ಕಾಣುತ್ತದೆ. ಹೆಣ್ಣು ನೋಡಲು ಹೋದ ಹಿರಿಯರು ಮಾತಿಗೆ ಮಾತು ತೆಗೆದು, "ಹಂಗಾದ್ರ ನೀವು ನಮ್ಮ ದೊಡ್ಡವ್ವನ ತವರಿನ ಕಡೆಯವ್ರು" ಎಂದು ನಂಟು ಹಿಡಿಯುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ.

ಶಿಕಾರಿಪುರದ ಕನ್ನಡ ಕಳಿಸಿದೆ, ಸೊರಬದ ಕನ್ನಡ ಕಳಿಸಿದೆ. ವಿಶ್ವವಿದ್ಯಾಲಯದವರು ಹೊರಗಿನ ಭಾಷಾಕುಟುಂಬದ್ದೂ ಒಂದು ಇರಲಿ, ಅದು ಎಲ್ಲಿ ಬೇರ್ಪಡುತ್ತದೆ ನೋಡೋಣ ಎಂದರು, ಲಂಬಾಣಿಯನ್ನೂ ಕಳಿಸಿದೆ. ನಮ್ಮ ತಾಲ್ಲೂಕಿನ ತಾಂಡಾವೊಂದರ ಅಜ್ಜಿ ನೀರಿಗೆ ಪಾಣಿ ಅಂದರು, ನಾನು ಪಾಣಿ ಎಂದು ಬರೆದುಕೊಂಡೆ, ಟೀ ಕುಡಿದು ಬಂದೆ. ಹಾಗಿರಬೇಕು ಕೆಲಸ ಅಂದರೆ.

ಆದರೆ ಈ ಕೆಲಸಕ್ಕೆ ನಾನು ಒಪ್ಪಿದ್ದು ಪಾಣಿಗಾಗಿ ಅಲ್ಲ. ನನಗೆ ಬೇಕಿದ್ದದ್ದು ಒಂದೇ: ಆ ಮರದಲ್ಲಿ ಅತ್ತೆಯ ಮಾತಿಗೆ ಅದರದೇ ಆದ ಟೊಂಗೆ. ಹೆಸರಿಲ್ಲದ, ಲಿಪಿಯಿಲ್ಲದ, ಊರಿನವರು ಅಣಕಿಸುವ ಆ ಮಾತು ಕನ್ನಡದ ಕೆಟ್ಟ ಉಚ್ಚಾರವಲ್ಲ, ಅದಕ್ಕೆ ತನ್ನದೇ ಹುಟ್ಟು ಇದೆ ಎಂದು ಯಾರಾದರೂ ಒಂದು ಕಡೆ ದಾಖಲು ಮಾಡಲಿ. ಅತ್ತೆಗೆ ವಯಸ್ಸಾಗಿದೆ. ಅವರ ಮುಂದಿನ ತಲೆಮಾರಿಗೆ ಅರ್ಧಂಬರ್ಧ ಬರುತ್ತದೆ, ಅದರಾಚೆಯವರಿಗೆ ಬರುವುದೇ ಇಲ್ಲ. ಈಗ ಹಿಡಿಯದಿದ್ದರೆ ಇಲ್ಲ.

ನಾವಿರುವುದು ಶಿಕಾರಿಪುರದಲ್ಲಿ, ಒಂದು ಭಾನುವಾರ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಅತ್ತೆಯ ಊರಿಗೆ ಹೋದೆ. ಅತ್ತೆಗೆ ಮೊದಲೇ ಫೋನಿನಲ್ಲಿ ಹೇಳಿದ್ದೆ. ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ತಲೆ ಬಾಚಿ, ಜಗುಲಿಯಲ್ಲಿ ಚಾಪೆ ಹಾಸಿ ಕೂತಿದ್ದರು. ಯಂತ್ರ ಏನು ಮಾಡುತ್ತದೆ ಎಂದು ವಿವರಿಸಿದೆ. ಮಾತುಗಳು ಒಂದೇ ಥರ ಇದ್ದರೆ ಆ ಭಾಷೆಯವರನ್ನು ಹತ್ತಿರ ಕೂರಿಸುತ್ತದೆ, ಬೇರೆಯಾದಷ್ಟೂ ದೂರ ಕೂರಿಸುತ್ತದೆ ಎಂದೆ. ಅತ್ತೆ ಗಮನವಿಟ್ಟು ಕೇಳಿ, ಸರಿ, ಕೇಳು ಅಂದರು.

"ಬೆಂಕಿಗೆ ಏನಂತೀರಿ ಅತ್ತೀ?"

"ಬೆಂಕಿ."

"ನೀರಿಗೆ?"

"ನೀರು. ಗಂಗಮ್ಮ ಅಂತ್ಲೂ ಬರ್ಕ."

ಸೂರ್ಯನಿಗೆ ಸೂರ್ಯನಾರಾಯಣ ಸ್ವಾಮಿ ಅಂದರು. ಹೊಟ್ಟೆಗೆ ಉದರ ಅಂದರು. ದೇವಸ್ಥಾನದ ಪುರಾಣದಲ್ಲಿ ಕೇಳಿದ್ದಿರಬೇಕು. ಅವರು ಜನ್ಮದಲ್ಲಿ ಹೊಟ್ಟೆಗೆ ಉದರ ಅಂದದ್ದನ್ನು ನಾನು ಕೇಳಿಲ್ಲ. ಹೊಟ್ಟೆ ನೋವು ಬಂದಾಗಲೂ ಕೇಳಿಲ್ಲ.

"ಅತ್ತೀ, ಇದು ಕನ್ನಡ ಆತಲ್ರೀ. ನಿಮ್ಮ ಮಾತಿನಾಗ ಹೇಳ್ರಿ."

"ಇದೂ ನಮ್ಮ ಮಾತೇ ಅಲ್ಲೇನೇ ತಂಗೀ? ದಿನಾ ಆಡಾದು ಇದ್ನೇ ಅಲ್ವಾ?"

"ಕುರಿಹಟ್ಟಿ ಹತ್ರ ಆಡ್ತೀರಲ್ಲ, ಆ ಮಾತು."

"ಅಯ್ಯ, ಅದೇನು ಮಾತೇ? ಕುರಿ ಸಂಗಡ ಆಡಾದು ಅದು. ಅದ್ನೆಲ್ಲ ಕಂಪ್ಯೂಟ್ರಿಗೆ ಹಾಕ್ತಾರಾ?"

ಮಲಗುವುದಕ್ಕೆ ನಿದ್ರೆ, ಹೇಳುವುದಕ್ಕೆ ತಿಳಿಸು. ನನ್ನ ಕಾಲೇಜಿನ ಹುಡುಗರು ಇಷ್ಟು ಶುದ್ಧ ಕನ್ನಡ ಬರೆದರೆ ಕುಣಿದಾಡಿಬಿಡುತ್ತೇನೆ. ಪಟ್ಟಿ ಮುಗಿಯಿತು. ಅತ್ತೆ ಸೀರೆ ಬದಲಿಸಿ ಹಿತ್ತಿಲಿಗೆ ಹೋದರು. ಹೋದವರೇ ಪಕ್ಕದ ಮನೆಯಾಕೆಯನ್ನು ಕೂಗಿ ಏನೋ ಹೇಳಿದರು. ನನಗೆ ತಿಳಿದದ್ದು ನಡುವೆ ಬಂದ 'ತಣ್ಣಿ' ಒಂದೇ. ನಾನು ಫೋನು ಹಿಡಿದು ಓಡಿದೆ. ನನ್ನನ್ನು ನೋಡಿದ ಕೂಡಲೇ ಪಕ್ಕದ ಮನೆಯಾಕೆ, "ಯಾವಾಗ ಬಂದ್ರಿ ಮೇಡಮ್ಮೋರೆ, ಚೆನ್ನಾಗಿದೀರಾ?" ಎಂದು ಕನ್ನಡದಲ್ಲಿ ವಿಚಾರಿಸಿದಳು. ಅವಳ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಚೆನ್ನಾಗಿದೀನಿ ಅಂದೆ.

ಕೇರಿಯ ಬೇರೆಯವರನ್ನು ಕೇಳಬಹುದಿತ್ತಲ್ಲ ಅನ್ನಬಹುದು. ಕೇಳದೆ ಬಿಟ್ಟೆನೇ? ಅತ್ತೆ ಆ ಕೇರಿಗೇ ಹಿರಿಯರು. ಹಿರಿಯರು ಒಂದು ಸಲ ಹೇಳಿದ ಮೇಲೆ ಅದರ ಮೇಲೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಯಾವ ಮನೆಗೆ ಹೋದರೂ ಒಂದೇ ಉತ್ತರ: "ನಿಮ್ಮ ಅತ್ತೆ ಹೇಳ್ಯಾರಲ್ಲ, ಅದೇ ಖರೆ." ಬೆಲ್ಲ, ನೀರು ಕೊಟ್ಟು ಕಳಿಸುತ್ತಿದ್ದರು. ಬೆಲ್ಲ ತಿಂದು ತಿಂದು ಬಾಯಿ ಕೆಟ್ಟುಹೋಯಿತು.

ಗಂಡನನ್ನು ಕೇಳಿದೆ. ಅವರು ಚಿಕ್ಕವರಿದ್ದಾಗಲೇ ಹಾಸ್ಟೆಲಿಗೆ ಸೇರಿದವರು. ಅಲ್ಲಿ ಹುಡುಗರು ಅಣಕಿಸಿ ಅಣಕಿಸಿ ಆ ಮಾತನ್ನು ಬಾಯಿಂದ ಬಿಡಿಸಿದ್ದರು. "ನೆರ್ಪು ಅಂತೀವಿ ಅನ್ಸುತ್ತೆ. ಅದು ಒಲೆ ಬೆಂಕಿಗೆ ಮಾತ್ರನೋ ಏನೋ, ಅವ್ವನ್ನೇ ಕೇಳಬೇಕು" ಅಂದರು. "ಬೈಗುಳ ಬೇಕಾದ್ರೆ ಹೇಳ್ತೀನಿ, ಅವು ಚೆನ್ನಾಗಿ ನೆನಪವೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇದು ನಿಮ್ಮ ತಾಯಿಯ ಭಾಷೆ, ನನ್ನದಲ್ಲ, ನಾನು ಯಾಕೆ ಒಬ್ಬಳೇ ಒದ್ದಾಡಬೇಕು ಎಂದು ಕೂಗಾಡಿದೆ. ಅವರು ಪೇಪರು ಬಿಡಿಸಿಕೊಂಡರು. ಆ ಮಾತು ಹೋದದ್ದಕ್ಕೆ ಅವರಿಗೆ ನೋವಿಲ್ಲ ಎಂದಲ್ಲ. ನೋವು ತೋರಿಸಿದರೆ ಹಾಸ್ಟೆಲಿನ ದಿನಗಳನ್ನೂ ಹೇಳಬೇಕಾಗುತ್ತದೆ, ಅದು ಅವರಿಗೆ ಬೇಡ.

ಸದ್ಯಕ್ಕೆ ಇರಲಿ ಎಂದು ಅತ್ತೆಯ ಪಟ್ಟಿಯನ್ನು ಇದ್ದ ಹಾಗೇ ಕಳಿಸಿದ್ದೆ, ಯೋಜನೆಯ ಮುಖ್ಯಸ್ಥರು ಫೋನು ಮಾಡಿದರು. ಒಳ್ಳೆಯ ಮನುಷ್ಯ, ಆದರೆ ಕಂಪ್ಯೂಟರಿನ ಮುಂದೆ ಕೂತೂ ಕೂತೂ ಭಾಷೆ ಅಂದರೆ ಅಂಕಿ ಅಂದುಕೊಂಡಿದ್ದಾರೆ.

"ಮೇಡಂ, ನಿಮ್ಮ ಆ ಹೆಸರಿಲ್ಲದ ಭಾಷೆ ಕನ್ನಡದ ಮಡಿಲಲ್ಲೇ ಕೂತುಬಿಟ್ಟಿದೆ. ತಮಾಷೆ ಅಂದ್ರೆ, ನಿಮ್ಮ ಶಿಕಾರಿಪುರದ ಕನ್ನಡಕ್ಕಿಂತ ಇದೇ ಪುಸ್ತಕದ ಕನ್ನಡಕ್ಕೆ ಹತ್ತಿರ ಇದೆ!"

"ಅದು ಕನ್ನಡಾನೇ ಸರ್. ಅವರು ನನಗೆ ಕನ್ನಡ ಹೇಳಿದಾರೆ."

"ಹಾಗಾದ್ರೆ ಅವರ ಭಾಷೆ ಯಾವುದು?"

"ಅದನ್ನ ನನಗೆ ಹೇಳ್ತಿಲ್ಲ."

ಮದುವೆಯಾಗಿ ಇಷ್ಟು ವರ್ಷವಾದ ಸೊಸೆಗೆ ಅತ್ತೆ ನೀರಿಗೆ ಏನೆನ್ನುತ್ತಾರೆ ಎಂದು ಹೇಳುತ್ತಿಲ್ಲ ಎಂಬುದು ಕೇಳುವವರಿಗೆ ಹೇಗಿರುತ್ತದೆ ಎಂದು ನನಗೂ ಗೊತ್ತು. ನಾನು ಕದ್ದು ಕೇಳಿದ ನಾಲ್ಕಾರು ಪದಗಳನ್ನು ಹೇಳಿದೆ. ಅವನ್ನು ಸೇರಿಸಿಕೊಳ್ಳಲು ಅವರ ನಿಯಮ ಬಿಡುವುದಿಲ್ಲ. ಆಡುವವರೇ ಹೇಳಿರಬೇಕು, ಅವರ ಒಪ್ಪಿಗೆಯಿಂದ ಧ್ವನಿಮುದ್ರಣವಾಗಿರಬೇಕು. ನಿಯಮ ಸರಿಯಾಗಿಯೇ ಇದೆ. ಅದಕ್ಕೇ ಇನ್ನೂ ಸಿಟ್ಟು ಬಂತು. ತಿಂಗಳ ಕೊನೆಯವರೆಗೆ ಟೈಮಿದೆ, ಆಮೇಲೆ ಮರ ಅಂತಿಮ ಮಾಡುತ್ತೇವೆ, ಅಷ್ಟರಲ್ಲಿ ಸರಿಯಾದ ಪಟ್ಟಿ ಬರದಿದ್ದರೆ ಇಡಬೇಕೋ ತೆಗೆಯಬೇಕೋ ನೀವೇ ಹೇಳಿ ಅಂದರು.

ಅತ್ತೆಯ ತಂಗಿಯನ್ನು ತೊಗರ್ಸಿಗೆ ಕೊಟ್ಟಿದೆ. ಅಕ್ಕತಂಗಿಯರು ಕೂಡಿದರೆ 'ನಮ್ಮ ಮಾತು' ತಾನಾಗಿ ಬಂದೀತು ಎಂದು ಲೆಕ್ಕ ಹಾಕಿ, ಅತ್ತೆಯನ್ನು ಕರೆದುಕೊಂಡು ತೊಗರ್ಸಿಗೆ ಹೋದೆ. ಮಲ್ಲಿಕಾರ್ಜುನನಿಗೆ ಹಣ್ಣುಕಾಯಿ ಮಾಡಿಸಿಕೊಂಡು ತಂಗಿಯ ಮನೆಗೆ ಬಂದೆವು. ನಾನು ಒಳಗಿದ್ದರೆ ಕನ್ನಡ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ ಹಿಂದಿನಿಂದ ಗಲಗಲ ನಗು, ತಣ್ಣಿ, ಊಡು, ಸೊಲ್ಲು, ಇನ್ನೂ ಏನೇನೋ. ಬಾಗಿಲಿಗೆ ಬಂದೆನೋ, "ಬಾರವ್ವ, ಉಣ್ಣಾಕೆ ಕೂರು." ಹೀಗೆಯೇ ಎಷ್ಟು ಸಲ ಬಚ್ಚಲಿಗೆ ಹೋಗಿಬಂದೆ ಅಂದರೆ, ಅತ್ತೆಯ ತಂಗಿ ಹೊಟ್ಟೆ ಸರಿಯಿಲ್ಲವೇನೋ ಎಂದು ಓಂಕಾಳಿನ ಕಷಾಯ ಮಾಡಿಕೊಟ್ಟರು. ಕುಡಿದೆ. ಬೇರೆ ದಾರಿ ಇರಲಿಲ್ಲ.

ಧ್ವನಿಮುದ್ರಣಕ್ಕೆ ಹಚ್ಚಿ ಫೋನನ್ನು ಗುಟ್ಟಾಗಿ ಇಟ್ಟು ಹೋಗಬಹುದಿತ್ತು. ಆಸೆಯೂ ಆಯಿತು. ಆದರೆ ಅದು ಕಳ್ಳತನ, ಮಾಡಲು ಮನಸ್ಸು ಒಪ್ಪಲಿಲ್ಲ. ಎದುರಿಗೇ ಕೇಳಿದೆ: ಇದನ್ನು ಇಲ್ಲಿ ಇಟ್ಟು ನಾನು ಗುಡಿ ಕಡೆ ಹೋಗಿಬರುತ್ತೇನೆ, ನೀವಿಬ್ಬರೇ ಮಾತಾಡಿಕೊಳ್ಳಿ. ಅದಕ್ಕೇನು, ಇಟ್ಟು ಹೋಗು ಅಂದರು. ಗುಡಿಯ ಕಟ್ಟೆಯ ಮೇಲೆ ಕೂತು, ಬರಿಗಾಲಿನ ಕೆಳಗೆ ಕಲ್ಲು ಸುಡುತ್ತಿದ್ದರೂ, ಈ ಸಲ ಸಿಕ್ಕೇಬಿಟ್ಟಿತು ಎಂದು ಖುಷಿಪಟ್ಟೆ. ವಾಪಸು ಬಂದು ಕೇಳಿದರೆ ಅತ್ತೆಯ ತಂಗಿ ಫೋನಿನ ಹತ್ತಿರ ಬಾಯಿ ತಂದು, "ನಮಸ್ಕಾರ ರೀ. ಎಲ್ರೂ ಚೆನ್ನಾಗಿದೀರಾ? ನಾವು ಚೆನ್ನಾಗಿದೀವಿ" ಅಂದದ್ದು ದಾಖಲಾಗಿತ್ತು. ಆಮೇಲೆ ಉದ್ದಕ್ಕೂ ಇಬ್ಬರೂ ಮಳೆ, ಬೆಳೆ, ಕುರಿಯ ರೋಗದ ಬಗ್ಗೆ ಕನ್ನಡದಲ್ಲಿ ಭಾಷಣ ಮಾಡಿದ್ದರು. ಫೋನಿನ ಆ ಬದಿಗೆ ಯಾರೋ ಇದ್ದಾರೆ, ಅವರಿಗೆ ತಮ್ಮ ಮಾತು ತಿಳಿಯುವುದಿಲ್ಲ, ಅವರ ಎದುರಿಗೆ ಆಡಬಾರದು. ಎಷ್ಟು ತಾಳೆಯಾಗುವ ಲೆಕ್ಕ! ನನಗೆ ಅಳು ಬಂತು, ಸಿಟ್ಟಿನ ಅಳು.

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆಯನ್ನು ನೇರವಾಗಿ ಕೇಳಿದೆ. ಯಾರಿಗೆ ನಾಚಿಕೆ, ಯಾಕೆ ನಾಚಿಕೆ? ಸಂತೆಯಲ್ಲಿ ಜನ ನಕ್ಕದ್ದು ಎಂದೋ ಆಯಿತು, ಈಗ ದೊಡ್ಡವರೇ ಬಂದು ಕೇಳುತ್ತಿದ್ದಾರೆ, ಈಗಲೂ ಮುಚ್ಚಿಟ್ಟರೆ ನಿಮ್ಮ ಮಾತು ನಿಮ್ಮ ಸಂಗಡವೇ ಮಣ್ಣಾಗುತ್ತದೆ ಅಂದೆ. ಹಾಗೆ ಅನ್ನಬಾರದಿತ್ತು ಎಂದು ನನಗೆ ಅನ್ನಿಸುವುದಿಲ್ಲ, ಅದು ನಿಜ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ನಾಚಿಕೆ ಯಾಕೇ?" ಅಂದರು. "ನಂಗೇನೂ ನಾಚಿಕೆ ಇಲ್ಲ. ನೀನು ಕೇಳಿದ್ದಕ್ಕೆ ಹೇಳ್ದೆ, ಬಿಡು ಅತ್ಲಾಗೆ."

ಅಲ್ಲಿಗೆ ನಾನು ಕೈಚೆಲ್ಲಿದೆ. ತಿಂಗಳ ಕೊನೆ ಬಂತು. ಅವರ ಉದರ, ಸೂರ್ಯನಾರಾಯಣಗಳನ್ನು ಮರದಲ್ಲಿ ಉಳಿಸಿದರೆ, ಈ ಕೇರಿಯವರದು ಕನ್ನಡದ ಒಂದು ಬಗೆ ಎಂದು ಮುಂದೆ ಓದುವವರೆಲ್ಲ ನಂಬುತ್ತಾರೆ. ಅದಕ್ಕಿಂತ ಇಲ್ಲದಿರುವುದೇ ವಾಸಿ. ತೆಗೆದುಬಿಡಿ ಎಂದು ಮುಖ್ಯಸ್ಥರಿಗೆ ಬರೆದೆ. ಸರಿಯಾದ ನಿರ್ಧಾರ ಮೇಡಂ ಎಂದು ಉತ್ತರ ಬಂತು. ಸರಿಯಾದ ನಿರ್ಧಾರಕ್ಕೆ ಇಷ್ಟು ಹೊಟ್ಟೆ ಉರಿಯಬೇಕೆ?

ಮರ ಅಂತಿಮವಾಗಿ ಅದರ ಚಿತ್ರ ಕಳಿಸಿದರು. ಮುಂದಿನ ಭಾನುವಾರ ಅತ್ತೆಯೇ ಕೇಳಿದರು, ನಿನ್ನ ಮರ ಆಯ್ತಾ, ತೋರಿಸು ಅಂತ. ಜಗುಲಿಯಲ್ಲಿ ಲ್ಯಾಪ್‌ಟಾಪು ತೆರೆದೆ. ಅವರಿಗೆ ಓದಲು ಬಾರದು. ಒಂದೊಂದು ಟೊಂಗೆಯ ತುದಿಗೂ ಬೆರಳಿಟ್ಟು ಇದು ಯಾರು, ಇದು ಯಾರು ಎಂದು ಕೇಳುತ್ತ ಬಂದರು. ತಮಿಳು, ತೆಲುಗು, ತುಳು ಹೇಳಿದೆ. ದೂರದಲ್ಲಿ ಬೇರೆಯೇ ಬೇರಿನ ಮೇಲಿದ್ದ ಲಂಬಾಣಿ ತೋರಿಸಿದೆ.

"ಅವರನ್ನ್ಯಾಕೆ ಅಷ್ಟು ದೂರ ಹಾಕ್ಯಾರೆ? ಸಂತೇಲಿ ನಮ್ಮ ಮಗ್ಗುಲಾಗೇ ಕೂರ್ತಿದ್ರಲ್ಲ, ಪಾಪ."

"ಅವರ ಮಾತಿನ ಮೂಲ ಬೇರೆ ಅತ್ತೀ. ಯಂತ್ರ ಮಾತು ನೋಡ್ತೈತಿ, ಸಂತಿ ನೋಡಂಗಿಲ್ಲ."

"ಇದ್ರಾಗೆ ನೀನು ಯಾವ್ದು?"

ಶಿಕಾರಿಪುರದ ಕನ್ನಡದ ಮೇಲೆ ಬೆರಳಿಟ್ಟೆ. ಅವರು ಅದರ ಆಚೆ ಈಚೆ ನೋಡಿದರು. ಆಚೆ ಸೊರಬದ ಕನ್ನಡ ಇತ್ತು. ಈಚೆ ಏನೂ ಇರಲಿಲ್ಲ.

"ನಾನೆಲ್ಲಿದೀನಿ?"

"ತೆಗೆಸಿದೆ ಅತ್ತೀ. ನೀವು ಹೇಳಿದ್ದೆಲ್ಲ ಕನ್ನಡ. ಇಟ್ಟಿದ್ರ ಸುಳ್ಳಾಗ್ತಿತ್ತು."

ಅತ್ತೆ ನನ್ನ ಟೊಂಗೆಯ ಪಕ್ಕದ ಖಾಲಿ ಜಾಗದಿಂದ ಬೆರಳು ತೆಗೆಯಲಿಲ್ಲ.

"ಬ್ಯಾರೆ ಮಾತು ಹೇಳಿದ್ರೆ ದೂರ ಕೂರಿಸ್ತಾರೆ ಅಂದ್ಯಲ್ಲೇ ತಂಗೀ" ಅಂದರು. "ನಿನ್ನ ಪಕ್ಕದಾಗೇ ಕೂರಿಸ್ಲಿ ಅಂತ ಅಲ್ವಾ ನಾನು ಹುಡುಕಿ ಹುಡುಕಿ ಒಳ್ಳೊಳ್ಳೆ ಮಾತು ಹೇಳಿದ್ದು?"

ಮರ ಆಗಲೇ ಅಚ್ಚಿಗೆ ಹೋಗಿತ್ತು.